ಮೂರನೆಯ ಕೀಲಿಕೈ

ಬೀಗದವನ ಅಂಗಡಿಯಲ್ಲಿ ಒಂದು ನೇಮವಿತ್ತು. ಹೊಸ ಬೀಗ ಮಾಡಿದಾಗಲೆಲ್ಲ ಅವನು ಮೂರು ಕೀಲಿಕೈ ಕತ್ತರಿಸುತ್ತಿದ್ದ. ಎರಡು ಗಿರಾಕಿಗೆ, ಮೂರನೆಯದು ತನ್ನ ಕೆಲಸಕ್ಕೆ. ಆ ಮೂರನೆಯದನ್ನು ಬೀಗದೊಳಗೆ ಹಾಕಿ ನೋಡಿ, ಹೊರಗೆ ತೆಗೆದು ಅರದಿಂದ ಉಜ್ಜಿ, ಮತ್ತೆ ಹಾಕಿ ನೋಡಿ, ಬೀಗ ಹದಕ್ಕೆ ಬರುವ ತನಕ ಅದರ ಜೊತೆ ಗುದ್ದಾಡುತ್ತಿದ್ದ. ಕೆಲಸ ಮುಗಿದ ಮೇಲೆ ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಅದನ್ನು ಇಕ್ಕಳದಲ್ಲಿ ಹಿಡಿದು ಲಟಕ್ಕನೆ ಮುರಿದು, ತುಂಡುಗಳನ್ನು ಗಿರಾಕಿಯ ಅಂಗೈಗೆ ಹಾಕಿ, "ಇನ್ನು ನಿಮ್ಮ ಬಾಗಿಲು ನಿಮ್ಮದು" ಎನ್ನುತ್ತಿದ್ದ. ಹಾಗೆನ್ನುವಾಗಿನ ಅವನ ಗತ್ತು ನೋಡಬೇಕಿತ್ತು. ಅರಮನೆ ಬರೆದುಕೊಟ್ಟವನಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ.

ಹೊರಗಿನವರ ವಿಷಯದಲ್ಲಿ ಇಷ್ಟು ನೇಮದವನು ಸ್ವಂತ ಮನೆಯಲ್ಲಿ ಬೇರೆಯದೇ ಮನುಷ್ಯ. ಮುಂಬಾಗಿಲು, ಹಿಂಬಾಗಿಲು, ಬೀರು, ಸೈಕಲ್ಲು, ಕೊನೆಗೆ ನೀರಿನ ಟ್ಯಾಂಕಿನ ಮುಚ್ಚಳ, ಎಲ್ಲದರ ಮೂರನೆಯ ಕೀಲಿಕೈಯೂ ಅವನ ಬಲಗಡೆಯ ಜೇಬಿನಲ್ಲಿ ಗೊಂಚಲಾಗಿ ಕೂತಿರುತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದ ಹೆಂಡತಿ, ಇವರು ಬರುವುದು ರಸ್ತೆಯ ತಿರುವಿನಲ್ಲೇ ಗೊತ್ತಾಗುತ್ತದೆ, ಕೊರಳಿಗೆ ಗಂಟೆ ಕಟ್ಟುವುದೊಂದು ಬಾಕಿ ಎಂದು ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೂ ಅದರ ಸುಖ ಅವಳಿಗೂ ಇತ್ತು, ಮಗಳಿಗೂ ಇತ್ತು. ಕೀಲಿಕೈ ಎತ್ತಿಕೊಂಡೆವೇ ಎಂದು ಇಬ್ಬರೂ ಯಾವತ್ತೂ ತಿರುಗಿ ನೋಡಿದವರಲ್ಲ. ಬಾಗಿಲು ಎಳೆದು, ಬೀಗ ಒತ್ತಿ, ಹೊರಟುಬಿಡುವುದು. ಒಳಗೇ ಮರೆತಿದ್ದರೆ ಅಂಗಡಿಯವರೆಗೆ ನಡೆದರಾಯಿತು. ಹೀಗಾಗಿ ಬೀಗದವನ ಮಗಳು ಬೀಗದ ಬಗ್ಗೆ ಎಲ್ಲವನ್ನೂ ಕಲಿತಳು, ಕೀಲಿಕೈ ಜೋಪಾನ ಮಾಡುವುದೊಂದನ್ನು ಬಿಟ್ಟು.

ಅವಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ತನ್ನ ಬಟ್ಟೆಯ ಬೀರುವಿಗೆ ಬೇರೆ ಬೀಗ ಬೇಕೆಂದು ಕೇಳಿದ್ದಳು. ಮಾಡಿಕೊಟ್ಟ. ಮೂರನೆಯ ಕೀಲಿಕೈ ಗೊಂಚಲಿಗೆ ಸೇರಿತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಸುಮ್ಮನೆ ಒಂದು ಸಲ ಎಂದುಕೊಂಡು, ತೆಗೆದು ನೋಡಿಯೂಬಿಟ್ಟ. ಒಳಗಿದ್ದದ್ದು ಎತ್ತರದ ಹಿಮ್ಮಡಿಯ ಒಂದು ಜೊತೆ ಚಪ್ಪಲಿ, ಉಗುರು ಬಣ್ಣದ ಸೀಸೆ, ಅರ್ಧ ತಿಂದು ಮಡಚಿಟ್ಟ ಚಾಕೊಲೇಟು. ಪೆಚ್ಚಾಗಿ ಎಲ್ಲವನ್ನೂ ಇದ್ದ ಹಾಗೇ ಇಟ್ಟು ಬೀಗ ಹಾಕಿದ. ಸಿಕ್ಕಿಬೀಳುವ ಯಾವ ಗುರುತನ್ನೂ ಅವನು ಬಿಟ್ಟಿರಲಿಲ್ಲ, ಒಂದನ್ನು ಹೊರತು. ಬೀಗ ಕೊಂಚ ಬಿಗಿ ಎನಿಸಿತ್ತು, ಅವನ ಕೈ ಅವನನ್ನು ಕೇಳದೆಯೇ ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟಿತ್ತು. ಸಂಜೆ ಮಗಳು ಬಂದು ಬೀಗ ಮುಟ್ಟಿ, ಬೆರಳು ಮೂಸಿ ನೋಡಿಕೊಂಡಳು.

"ಊರವರಿಗೆಲ್ಲ ಮುರಿದು ಕೊಡ್ತೀಯ. ನಂದು ಮಾತ್ರ ಜೇಬಲ್ಲಿ ಇಟ್ಕೊಂಡಿದೀಯ," ಎಂದಳು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂತಾಗ ನೀರಿನ ಚೊಂಬು ಬೇಕಾದರೆ ಅಮ್ಮನನ್ನು ಕೇಳುತ್ತಿದ್ದಳು, ಅದು ಅವನ ಕೈಯ ಪಕ್ಕದಲ್ಲೇ ಇದ್ದರೂ. ಕೊನೆಗೆ ಅವನೇ ಸೋತು, ಆ ಕೀಲಿಕೈಯನ್ನು ಅವಳೆದುರು ಮುರಿದು, ನಿನ್ನ ವಸ್ತುವಿಗೆ ಇನ್ನು ಯಾವತ್ತೂ ಹೀಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟ. ಆಮೇಲೆ ಮನೆಯ ಗಾಳಿ ತಿಳಿಯಾಯಿತು. ಆ ಮಾತಿಗೆ ಅವನು ಇಷ್ಟು ವರ್ಷ ತಪ್ಪಿರಲೂ ಇಲ್ಲ.

ಈಗ ಅವಳಿಗೆ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬಂಡೆ, ಮಣ್ಣು, ಅದಿರುಗಳನ್ನು ಓದುವ ವಿದ್ಯೆಯಂತೆ. ಬೀಗ ಮಾಡುವವನ ಮಗಳು ತಾಮ್ರ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿಕೊಂಡು ಹೊರಟಿದ್ದಾಳೆ ಎಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿ ಬೀಗಿದ್ದೂ ಆಗಿತ್ತು. ಹಾಸ್ಟೆಲಿನಲ್ಲಿ ಕೋಣೆಯ ಬಾಗಿಲಿಗೆ ಹುಡುಗಿಯರೇ ಬೀಗ ತರಬೇಕು ಎಂದಿದ್ದರು. ಅಪ್ಪನ ಕೈಯಿಂದ ಅವಳು ಕೇಳಿದ್ದು ಅದೊಂದನ್ನೇ. ನೀನೇ ಮಾಡಿದ್ದು ಬೇಕು, ಮೂರನೆಯದನ್ನು ನನ್ನೆದುರಿಗೇ ಮುರಿಯಬೇಕು ಎಂದಳು. ನಗುತ್ತಲೇ ಹೇಳಿದಳು, ಆದರೆ ಹೇಳಿದಳು.

ಅವನು ಜೀವ ತೇದು ಮಾಡಿದ. ಹಿತ್ತಾಳೆಯ ಮೈ, ಕೈ ತುಂಬುವಷ್ಟು ಭಾರ, ಒತ್ತಿದರೆ ಸಾಕು ತಾನೇ ಬೀಳುವಂಥದ್ದು. ಒಳಗಿನ ಕಡ್ಡಿಗಳನ್ನು ಹೇಗೆ ಕೂರಿಸಿದ್ದನೆಂದರೆ ತಂತಿ ಹಾಕಿ ಬಿಡಿಸಲು ಅವನಿಂದಲೇ ಆಗುತ್ತಿರಲಿಲ್ಲ. ಬೀಗ ಮುಗಿದ ದಿನ ಮೂರನೆಯ ಕೀಲಿಕೈಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ. ಅಷ್ಟು ದೂರ. ಒಳಗೆ ಜ್ವರ ಬಂದು ಮಲಗಿದ್ದರೆ? ಕಾಲು ಜಾರಿ ಬಿದ್ದಿದ್ದರೆ? ಒಳಗಿರುವಾಗ ಬಾಗಿಲಿಗೆ ಹೊರಗಿನ ಬೀಗ ಹಾಕಿರುವುದಿಲ್ಲ ಎಂಬುದು ಅವನಿಗೆ ತಿಳಿಯದೆ ಏನಲ್ಲ, ಆದರೂ ನೆಪಕ್ಕೆ ಬುದ್ಧಿ ಬೇಡವಲ್ಲ. ನಿಜ ಹೇಳಬೇಕೆಂದರೆ, ಮಗಳಿಗೆ ಸೇರಿದ ಬಾಗಿಲೊಂದು ಲೋಕದಲ್ಲಿ ಎಲ್ಲೋ ಇದ್ದು, ತಾನು ಅದರ ಹೊರಗಿನವನಾಗಿ ಬಿಡುವುದು ಅವನಿಂದ ಆಗಲಿಲ್ಲ. ಕೆಟ್ಟ ಕೀಲಿಕೈಗಳ ಡಬ್ಬಿಯಿಂದ ಅದೇ ಆಕಾರದ, ಯಾವ ಬೀಗಕ್ಕೂ ಆಗದ ಒಂದನ್ನು ಹೆಕ್ಕಿ ಎಡಗಡೆಯ ಜೇಬಿಗೆ ಹಾಕಿಕೊಂಡ. ನಿಜವಾದದ್ದು ಬಲಗಡೆಗೆ ಹೋಯಿತು. ಯಾವುದನ್ನು ತೆಗೆಯಬೇಕೆಂದು ಅಲ್ಲಿಗೆ ಹೋದ ಮೇಲೆ ನೋಡೋಣ ಎಂದುಕೊಂಡ. ಹಾಗೆ ಅಂದುಕೊಳ್ಳುವವರು ಮೊದಲೇ ನಿರ್ಧಾರ ಮಾಡಿರುತ್ತಾರೆ.

ಹೆಂಡತಿಗೆ ರಜೆ ಸಿಗಲಿಲ್ಲ. ಅಪ್ಪ ಮಗಳು ಇಬ್ಬರೇ ಬಸ್ಸು ಬದಲಾಯಿಸಿಕೊಂಡು ಹೊರಟರು. ಹಾಸಿಗೆಯ ಸುರುಳಿ, ಬಕೆಟ್ಟು, ಪುಸ್ತಕದ ಪೆಟ್ಟಿಗೆ, ಅದರ ಮೇಲೆ ಅವನ ಸಲಕರಣೆಯ ಚೀಲ. ಹಾಸ್ಟೆಲಿನಲ್ಲಿ ಯಾವ ಕೀಲು ಸಡಿಲವೋ, ಯಾವ ಚಿಲಕ ಸೊಟ್ಟವೋ ಎಂದು ಅದನ್ನೂ ಹೊತ್ತು ತಂದಿದ್ದ. ಮದುವೆ ಮನೆಗೂ ಇಕ್ಕಳ ಹಿಡಿದುಕೊಂಡು ಹೋಗುವ ಜನ ನೀವು ಎಂದು ಹೆಂಡತಿ ಬಸ್ಸಿನ ಕಿಟಕಿಯ ಹೊರಗೆ ನಿಂತು ಬೈದು, ಬೈಯುತ್ತಲೇ ಕಣ್ಣು ಒರೆಸಿಕೊಂಡಿದ್ದಳು.

ಕೋಣೆ ಎರಡನೆಯ ಮಹಡಿಯಲ್ಲಿ, ಉದ್ದನೆಯ ಕತ್ತಲೆ ಓಣಿಯ ತುದಿಯಲ್ಲಿತ್ತು. ಎರಡು ಕಬ್ಬಿಣದ ಮಂಚ, ಎರಡು ಮೇಜು, ಹಿಂದಿನ ವರ್ಷದ ಹುಡುಗಿಯರು ಗೋಡೆಗೆ ಅಂಟಿಸಿ ಕಿತ್ತ ಚಿತ್ರಗಳ ಗುರುತು. ಜೊತೆಯ ಹುಡುಗಿ ಆಗಲೇ ಬಂದಿದ್ದಳು, ದಪ್ಪ ಕನ್ನಡಕದವಳು. ಮಾತಿಗೆ ಮೊದಲು ನಗುವ ಸ್ವಭಾವ. ಬೀಗದವನಿಗೆ ನೋಡಿದ ಕೂಡಲೇ ನೆಮ್ಮದಿಯಾಯಿತು. ಅವನು ಚೀಲ ಬಿಚ್ಚಿ ಕೆಲಸಕ್ಕೆ ಕೂತ. ಇಬ್ಬರ ಬೀರುವಿನ ಕೀಲುಗಳನ್ನೂ ಬಿಗಿ ಮಾಡಿದ, ಕಿಟಕಿಯ ಕೊಕ್ಕೆ ನೇರ ಮಾಡಿದ, ಕಿರುಗುಟ್ಟುವ ಮಂಚದ ಕಾಲಿಗೆ ರಟ್ಟು ಸಿಕ್ಕಿಸಿದ. ಮಗಳು ಪಕ್ಕದಲ್ಲಿ ಕೂತು, ಚಿಕ್ಕವಳಿದ್ದಾಗಿನಿಂದ ಮಾಡಿದ ಹಾಗೆ, ಅವನು ಬಾಯಿ ಬಿಡುವ ಮೊದಲೇ ಬೇಕಾದ ಸಲಕರಣೆಯನ್ನು ಕೈಗೆ ಕೊಡುತ್ತಿದ್ದಳು.

ಮೇಲ್ವಿಚಾರಕಿ ಬಂದು ಬಾಗಿಲಲ್ಲಿ ನಿಂತರು. ಬಿಗಿಯಾಗಿ ಜಡೆ ಸುತ್ತಿದ, ಅಷ್ಟೇ ಬಿಗಿಯಾದ ಮುಖದ ಹೆಂಗಸು. ಅಪ್ಪಂದಿರು ಮಧ್ಯಾಹ್ನದೊಳಗೆ ಮಹಡಿ ಇಳಿಯಬೇಕು ಎಂದು ನೆನಪಿಸಿ, ಮೇಜಿನ ಮೇಲಿದ್ದ ಬೀಗ ಎತ್ತಿ ನೋಡಿದರು. ವರ್ಷಕ್ಕೆ ಎಷ್ಟು ಬೀಗ ಒಡೆಸುತ್ತೇನೋ ಲೆಕ್ಕವಿಲ್ಲ, ಹುಡುಗಿಯರಿಗೆ ಕೀ ಮೈಮೇಲೆ ಇರುವುದೇ ಇಲ್ಲ ಎಂದರು. ಬೀಗದವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಬೀಗದ ಮಾತು ಬಂದಾಗ ಸುಮ್ಮನಿರುವುದು ಅವನ ಜಾಯಮಾನವಲ್ಲ. ಇದನ್ನು ಮಾಡಿದವನಿಂದಲೂ ಕೀ ಇಲ್ಲದೆ ತೆಗೆಯಲಾಗದು ಮೇಡಂ ಎಂದು ಜಂಬ ಕೊಚ್ಚಿದ. ಅವರು ಹುಬ್ಬೇರಿಸಿ ಹೊರಟುಹೋದರು.

ಆಮೇಲೆ ಆ ಹೊತ್ತು ಬಂತು. ಎರಡು ಕೀಲಿಕೈಗಳಲ್ಲಿ ಒಂದನ್ನು ಮಗಳಿಗೆ, ಒಂದನ್ನು ಕನ್ನಡಕದ ಹುಡುಗಿಗೆ ಕೊಟ್ಟ. ಇಕ್ಕಳ ಎತ್ತಿಕೊಂಡ. ಕೈ ಎಡಗಡೆಯ ಜೇಬಿಗೆ ಹೋಯಿತು. ಹೋಗುವಾಗ ಅವನಿಗೆ ಒಂದು ಆಸೆಯಿತ್ತು, ಮಗಳು ಕೇಳಲಿ ಎಂದು. ತೋರಿಸು, ಹಾಕಿ ನೋಡುತ್ತೇನೆ ಎಂದಿದ್ದರೆ ನಕ್ಕು ನಿಜವಾದದ್ದನ್ನು ತೆಗೆದುಬಿಡುತ್ತಿದ್ದ. ಅವಳು ನೋಡಲೂ ಇಲ್ಲ. ಕನ್ನಡಕದವಳ ಜೊತೆ ಯಾವ ಮಂಚ ಯಾರಿಗೆ ಎಂದು ಮಾತಾಡುತ್ತ, ಅಂಗೈಯನ್ನು ಹಿಂದಕ್ಕೆ ಚಾಚಿದಳು. ಲಟಕ್ ಎಂದಿತು. ತುಂಡುಗಳನ್ನು ಆ ಅಂಗೈಗೆ ಹಾಕಿದ.

"ಇನ್ನು ನಿಮ್ಮ ಬಾಗಿಲು ನಿಮ್ಮದು," ಎಂದ. ಮಗಳು ಅವನ ಗತ್ತನ್ನೇ ಅಣಕಿಸಿ ಅದೇ ಮಾತನ್ನು ಗೆಳತಿಗೆ ಹೇಳಿ ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. 

ಗೇಟಿನ ಹತ್ತಿರ ಬೀಳ್ಕೊಡುವಾಗ ಮಗಳು ಅವನ ಅಂಗಿಯ ಕಾಲರು ಸರಿ ಮಾಡಿ, ಬಸ್ಸಲ್ಲಿ ನಿದ್ದೆ ಮಾಡು ಎಂದಳು. ಅವನಿಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಬೇರೆ ಅಪ್ಪಂದಿರಿಗೂ ಆಗುತ್ತಿರಲಿಲ್ಲ, ಆದರೆ ಅವರಿಗೆ ಅದರ ಜೊತೆ ಹೆದರಿಕೆ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಟಿಕೆಟು ತೆಗೆದುಕೊಂಡು, ಕಲ್ಲಿನ ಬೆಂಚಿನ ಮೇಲೆ ಚಹಾದ ಲೋಟ ಹಿಡಿದು ಕೂತಿದ್ದಾಗ ಫೋನು ಬಂತು. ಮಗಳದು.

"ಅಪ್ಪಾ, ಬಸ್ಸು ಹೊರಟುಬಿಡ್ತಾ?"

ಆದದ್ದು ಇಷ್ಟು. ಅಸಲಿ ಅಂಕಪಟ್ಟಿಗಳನ್ನು ಆಫೀಸು ಮುಚ್ಚುವುದರೊಳಗೆ ತೋರಿಸಬೇಕು, ಇಲ್ಲದಿದ್ದರೆ ಸೀಟು ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ ಎಂದು ಕೆಳಗೆ ಹೇಳಿದ್ದರು. ತರಲು ಮೇಲೆ ಹೋದರೆ ಬಾಗಿಲಿಗೆ ಬೀಗ. ಊಟಕ್ಕೆ ಇಳಿಯುವಾಗ ಕೀಲಿಕೈ ಕನ್ನಡಕದವಳ ಹತ್ತಿರ ಇದೆ ಎಂದು ಮಗಳು ನಂಬಿದ್ದಳು, ಮಗಳ ಹತ್ತಿರ ಇದೆ ಎಂದು ಅವಳು. ಕಡೆಗೆ ಹೊರಬಿದ್ದವಳು ಮಗಳೇ. ಮನೆಯಲ್ಲಿ ಮಾಡುವ ಹಾಗೆ ಬಾಗಿಲು ಎಳೆದು, ಬೀಗ ಒತ್ತಿ, ತಿರುಗಿ ನೋಡದೆ ನಡೆದಿದ್ದಳು. ಎರಡೂ ಕೀಲಿಕೈ ಮೇಜಿನ ಮೇಲೆ, ಅಂಕಪಟ್ಟಿಗಳ ಪಕ್ಕದಲ್ಲೇ ಇದ್ದವು.

"ಮೂರನೇದು ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ನಾನೇ ಹಟ ಹಿಡಿದು ಮುರಿಸಿದೆ," ಎಂದು ಅತ್ತಳು.

ಬಲಗಡೆಯ ಜೇಬಿನಲ್ಲಿ ಅದು ಇತ್ತು. ಅವನ ತೊಡೆಯ ಬಿಸಿಗೆ ಬೆಚ್ಚಗಾಗಿ ಇತ್ತು. ಇದೆ ಮಗಳೇ, ತರುತ್ತೇನೆ ಎನ್ನಲು ಬಾಯಿ ತೆರೆದ.  ಊಟದ ತಟ್ಟೆಯ ಮುಂದೆ ಅವಳು ಅವನ ಕಡೆ ನೋಡದೆ ಅಮ್ಮನನ್ನು ನೀರು ಕೇಳುತ್ತಿದ್ದ ದಿನಗಳು ಕಣ್ಣ ಮುಂದೆ ಬಂದವು. ಆಗ ಒಂದೇ ಮನೆ, ಒಂದೇ ಸೂರು. ಇಂದಲ್ಲ ನಾಳೆ ಮಾತಾಡಿಯೇ ಮಾತಾಡುತ್ತಾಳೆ ಎಂಬ ಧೈರ್ಯವಿತ್ತು. ಈಗ ಮಾತು ಬಿಟ್ಟರೆ ನಡುವೆ ಇಷ್ಟು ದೂರದ ದಾರಿ. ಬರುತ್ತೇನೆ, ಯಾರೂ ಬಾಗಿಲು ಮುಟ್ಟುವುದು ಬೇಡ ಎಂದಷ್ಟೇ ಹೇಳಿ, ಚಹಾ ಅಲ್ಲೇ ಬಿಟ್ಟು ಎದ್ದ.

ಆಟೋದಲ್ಲಿ ಕೂತು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಎಲ್ಲರನ್ನೂ ದೂರ ಕಳಿಸಿ, ಕೀಲಿಕೈಯಿಂದಲೇ ತೆಗೆದು, ಹೇಗೋ ಬಿಡಿಸಿದೆ ಎಂದರೆ? ತಾನೇ ಬೆಳಿಗ್ಗೆ ಜಂಬ ಕೊಚ್ಚಿದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಮೇಲ್ವಿಚಾರಕಿಗೆ ಏನಾದರೂ ಹೇಳಿ ನಂಬಿಸಬಹುದು. ಮಗಳನ್ನು ನಂಬಿಸುವುದು ಹೇಗೆ? ತಂತಿಯ ಸದ್ದು ಯಾವುದು, ಕೀಲಿಕೈಯ ಸದ್ದು ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳು ಅವಳು. ಅವನೇ ಕಲಿಸಿದ್ದ.

ಓಣಿಯಲ್ಲಿ ಹುಡುಗಿಯರ ದಂಡೇ ನೆರೆದಿತ್ತು. ಚಿಲಕ ಕತ್ತರಿಸಲೇ ಎಂದು ಕೇಳಿದ್ದಕ್ಕೆ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದರು, ಬಾಗಿಲೂ ಚಿಲಕವೂ ಹಾಸ್ಟೆಲಿನದು, ಮುಟ್ಟುವ ಹಾಗಿಲ್ಲ, ಬೀಗ ನಿಮ್ಮದು, ಏನು ಬೇಕಾದರೂ ಮಾಡಿಕೊಳ್ಳಿ ಎಂದು. ನಿಮ್ಮಿಂದಲೂ ತೆಗೆಯಲಾಗದು ಎಂದಿರಲ್ಲ ಎಂದು ನೆನಪಿಸುವುದನ್ನೂ ಮರೆಯಲಿಲ್ಲ. ಹುಡುಗಿಯರು ಕಿಸಕ್ಕೆಂದರು. ಬೀಗದವನಿಗೆ ಆ ನಗು ಕೇಳಿಸಲೂ ಇಲ್ಲ. ಹ್ಯಾಕ್ಸಾ ಗರಗಸ ತೆಗೆದುಕೊಂಡು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂತದ್ದೇ ಜೇಬಿನ ಕೀಲಿಕೈ ತೊಡೆಗೆ ಚುಚ್ಚಿತು.

ಮೇಲಿನ ಕೊಂಡಿಯ ಉಕ್ಕಿಗೆ ಅವನೇ ಕಾಯಿಸಿ ಹದ ಕೊಟ್ಟಿದ್ದ, ಅದಕ್ಕೆ ಬ್ಲೇಡು ಹತ್ತುವುದಿಲ್ಲ. ಉಳಿದದ್ದು ಬೀಗದ ಹಿತ್ತಾಳೆಯ ಹೊಟ್ಟೆ. ಎಡಗಡೆಯ ಭುಜದಿಂದ ಸೀಳಿಕೊಂಡು ಹೋದರೆ ಕೊಂಡಿ ಹಿಡಿದ ನಾಲಿಗೆ ಸಿಗುತ್ತದೆ, ಅದನ್ನು ತುಂಡು ಮಾಡಿದರೆ ಬೀಗ ಸಾಯುತ್ತದೆ. ಮಗಳು ಪಕ್ಕದಲ್ಲಿ ಮಂಡಿಯೂರಿ ಫೋನಿನ ಬೆಳಕು ಹಿಡಿದಳು. ಅವನು ಗರಗಸ ಎಳೆದ. ಜಾರಿತು. ಮತ್ತೆ ಎಳೆದ. ಮತ್ತೆ ಜಾರಿತು.

"ಅಪ್ಪ, ಬ್ಲೇಡು ತಿರುಗಾ ಮುರುಗಾ ಹಾಕಿದೀಯ," ಎಂದಳು ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ.

ಹಲ್ಲುಗಳು ಹಿಂದಕ್ಕೆ ಮುಖ ಮಾಡಿದ್ದವು. ಈ ಕಸುಬಿಗೆ ಬಿದ್ದ ಮೇಲೆ ಅವನು ಅಂಥ ತಪ್ಪು ಮಾಡಿದ್ದೇ ಇಲ್ಲ. ಅವಳೇ ಅದನ್ನು ಬಿಚ್ಚಿ ಸರಿಯಾಗಿ ಸಿಕ್ಕಿಸಿ ಕೊಟ್ಟಳು. ಅಪ್ಪನಿಗೆ ಎಷ್ಟು ಗಾಬರಿಯಾಗಿದೆ, ನನ್ನಿಂದಲೇ ಅಲ್ಲವೇ ಎಂಬಂತೆ ಅವನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ಅವನಿಗೆ ಕೆಂಡದ ಹಾಗೆ ಸುಟ್ಟಿತು.

ಹಿತ್ತಾಳೆಯ ಹುಡಿ ಚಿನ್ನದ ಬಣ್ಣದಲ್ಲಿ ಉದುರತೊಡಗಿತು. ಒಂದು ಬ್ಲೇಡು ಮುರಿಯಿತು, ಇನ್ನೊಂದು ಹಾಕಿದ. ಹುಡುಗಿಯರು ಬೇಸರ ಬಂದು ಒಬ್ಬೊಬ್ಬರೇ ಕರಗಿದರು. ಕನ್ನಡಕದವಳು ಆಫೀಸಿನ ಬಾಗಿಲು ಕಾಯಲು ಕೆಳಗೆ ಓಡಿದಳು. ಮೇಲ್ವಿಚಾರಕಿ ಓಣಿಯ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಗರಗಸದ ಸದ್ದಿನ ನಡುವೆ ಮಗಳು ಮಾತಾಡುತ್ತಲೇ ಇದ್ದಳು. ಅಷ್ಟು ಕಷ್ಟಪಟ್ಟು ಮಾಡಿದ ಬೀಗವನ್ನು ಒಂದು ದಿನವೂ ಇಟ್ಟುಕೊಳ್ಳುವ ಯೋಗ್ಯತೆ ತನಗಿಲ್ಲ ಎಂದಳು. ಹೈಸ್ಕೂಲಿನ ದಿನಗಳ ಆ ಬೀರುವಿನ ಜಗಳವನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದು ತನ್ನ ಕೆಟ್ಟ ಬುದ್ಧಿ ಎಂದಳು.

"ಇವತ್ತೂ ನಿನ್ನನ್ನ ನಂಬದೆ ಮುರಿಸಿದೆನಲ್ಲ. ಅದಕ್ಕೇ ಹೀಗಾಯ್ತು. ಕ್ಷಮಿಸು ಅಪ್ಪ."

ಈಗಲಾದರೂ ನಿಲ್ಲಿಸಬಹುದಿತ್ತು. ಬೀಗದ ಹೊಟ್ಟೆ ಅರ್ಧ ಮಾತ್ರ ಸೀಳಿತ್ತು. ಕೈ ಜೇಬಿಗೆ ಹಾಕಿದರೆ ಮುಗಿಯಿತು. ಅವನು ತಲೆ ಎತ್ತಲಿಲ್ಲ. ಇನ್ನಷ್ಟು ಜೋರಾಗಿ ಎಳೆದ, ಆ ಮಾತು ಕೇಳಿಸದಿರಲಿ ಎಂದು. ತಪ್ಪು ಮಾಡಿದವನು ಕ್ಷಮೆ ಕೇಳುವುದೇ ಕಷ್ಟ. ತನ್ನ ತಪ್ಪಿಗೆ ಬೇರೆಯವರು, ಅದರಲ್ಲೂ ಹೆತ್ತ ಮಗಳು, ಕ್ಷಮೆ ಕೇಳುವುದನ್ನು ಕೂತು ಕೇಳುವುದಿದೆಯಲ್ಲ, ಆ ಶಿಕ್ಷೆಯನ್ನು ಅವನು ಯಾವ ಶತ್ರುವಿಗೂ ಬಯಸುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅಷ್ಟು ಹೇಡಿಯಾಗಿದ್ದ.

ಕೊನೆಗೆ ನಾಲಿಗೆ ತುಂಡಾಯಿತು. ಕೊಂಡಿ ಸಡಿಲಗೊಂಡು ಬಿತ್ತು. ಮಗಳು ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಪಕ್ಕಕ್ಕೆ ಮೆಲ್ಲಗೆ ಇಟ್ಟು, ಒಳಗೆ ನುಗ್ಗಿ, ಅಂಕಪಟ್ಟಿಗಳನ್ನು ಎದೆಗವಚಿಕೊಂಡು ಮೆಟ್ಟಿಲ ಕಡೆಗೆ ಓಡಿದಳು. ಅವನು ಪೊರಕೆ ಹುಡುಕಿ ಹಿತ್ತಾಳೆಯ ಹುಡಿಯನ್ನು ಗುಡಿಸಿ, ಬೀಗವನ್ನು ಕೋಣೆಯೊಳಗಿನ ಗೋಡೆಯ ಪಕ್ಕಕ್ಕೆ ತಂದಿಟ್ಟು ಕೂತ. ಕಣ್ಣಿಗೆ ಬೆವರು ಇಳಿದಿತ್ತು. ಬೆವರೇ ಎಂದು ಅವನೂ ಅಂದುಕೊಂಡ.

ಅವಳು ಬರುವುದು ತಡವಾಯಿತು. ಬರುವಾಗ ಮುಖ ಅರಳಿತ್ತು, ಕನ್ನಡಕದವಳೂ ಜೊತೆಗಿದ್ದಳು. ಆಫೀಸಿನವರು ಎಲ್ಲ ನೋಡಿ ಮುದ್ರೆ ಒತ್ತಿದರಂತೆ, ಸೀಟಿಗೆ ಇನ್ನು ಭಯವಿಲ್ಲ. ಗೇಟಿನ ಎದುರಿನ ಅಂಗಡಿಯಿಂದ ಹೊಸ ಬೀಗ ತಂದಿದ್ದಳು. ತಗಡಿನ ಮೈಯ, ಬಣ್ಣ ಬಳಿದ, ಗಟ್ಟಿಯಾಗಿ ಕೆಮ್ಮಿದರೆ ತೆರೆದುಕೊಳ್ಳುವಂಥ ಬೀಗ. ಬೇರೆ ದಿನವಾಗಿದ್ದರೆ ಅವನು ಮೂಗು ಮುರಿಯುತ್ತಿದ್ದ. ತಂತಿಯ ಬಳೆಯಲ್ಲಿ ಮೂರು ಕೀಲಿಕೈಗಳಿದ್ದವು. ಮಗಳು ಒಂದನ್ನು ಗೆಳತಿಗೆ ಕೊಟ್ಟಳು, ಒಂದನ್ನು ದಾರಕ್ಕೆ ಪೋಣಿಸಿ ತನ್ನ ಕೊರಳಿಗೆ ಹಾಕಿಕೊಂಡಳು. ಮೂರನೆಯದನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು.

"ಇದು ನಿನ್ನ ಹತ್ರ ಇರ್ಲಿ. ಇವಳನ್ನೂ ಕೇಳಿದೀನಿ, ಇರ್ಲಿ ಅಂದ್ಲು. ನಮ್ಮ ಮನೇಲಿ ಮೂರನೇದು ಯಾವತ್ತೂ ನಿನ್ನ ಜೇಬಲ್ಲೇ ತಾನೇ ಇರೋದು."

ಬೀಗದವನು ಆ ಕೀಲಿಕೈಯನ್ನು ನೋಡಿದ. ಅವನು ಕದ್ದು ಇಟ್ಟುಕೊಂಡಂಥದ್ದನ್ನು ಅವನು ಕೇಳದೆಯೇ ಅವಳು ಕೊಟ್ಟಿದ್ದಳು. ಅದನ್ನು ಹಿಡಿದುಕೊಂಡು ಬಸ್ಸು ಹತ್ತುವುದು ಅವನಿಂದಾಗಲಿಲ್ಲ. ಬಲಗಡೆಯ ಜೇಬಿಗೆ ಕೈ ಹಾಕಿ, ಇನ್ನೊಂದನ್ನು ತೆಗೆದು, ಎರಡನ್ನೂ ಒಂದೇ ಅಂಗೈಯಲ್ಲಿಟ್ಟು ಚಾಚಿದ.

ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಳೆಯ ಕೀಲಿಕೈಯನ್ನು ಎತ್ತಿಕೊಂಡು, ಗೋಡೆಯ ಪಕ್ಕದಲ್ಲಿದ್ದ ಸೀಳಿದ ಬೀಗವನ್ನು ಕೈಗೆ ತೆಗೆದುಕೊಂಡಳು. ಹಾಕಿದಳು. ಹೊಟ್ಟೆ ಸೀಳಿದ್ದರೂ ಕೀಲಿಕೈ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ತಿರುಗಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಕದ ಹುಡುಗಿ ಇಬ್ಬರ ಮುಖವನ್ನೂ ನೋಡಿ, ಬಾಟಲಿಗೆ ನೀರು ತುಂಬಿಸಿಕೊಂಡು ಬರುತ್ತೇನೆಂದು ಹೊರಗೆ ಹೋದಳು.

"ಬೆಳಿಗ್ಗೆ ಮುರಿದಿದ್ದು?" ಎಂದಳು ಮಗಳು.

"ಡಬ್ಬೀದು. ಯಾವುದಕ್ಕೂ ಆಗದ್ದು."

"ಗರಗಸ ಹಾಕುವಾಗ ಇದು ಜೇಬಲ್ಲೇ ಇತ್ತಾ?"

"ಇತ್ತು."

"ನಾನು ಕ್ಷಮಿಸು ಅಂದಾಗ್ಲೂ?"

ಅವನು ಹೌದೆಂದು ತಲೆಯಾಡಿಸಿದ. ಹೆದರಿದೆ ಮಗಳೇ ಎಂದ. ನೀನು ಮತ್ತೆ ಮಾತು ಬಿಟ್ಟರೆ ಏನು ಮಾಡಲಿ ಎಂದು ಹೆದರಿದೆ ಎಂದ. ಹೇಳುತ್ತಿದ್ದ ಹಾಗೆ, ಅದೂ ಪೂರ್ತಿ ನಿಜವಲ್ಲ ಎನಿಸಿ, ಮತ್ತೆ ಹೇಳಿದ. "ನಿನ್ನ ಬಾಗಿಲ ಹೊರಗೆ ನಿಲ್ಲೋಕೆ ನನಗೆ ಬರಲ್ಲ ಕಂದ. ಅಭ್ಯಾಸ ಇಲ್ಲ."

ಮಗಳು ಬೀಗ ಹಿಡಿದು ಮಂಚದ ಮೇಲೆ ಕೂತಳು. ಅವಳ ಹೆಬ್ಬೆರಳು ಸೀಳಿದ ಅಂಚಿನ ಮೇಲೆ ಹೋಗಿ ಬರುತ್ತಿತ್ತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಬಲಗೈ ಚಾಚಿ, "ಇಕ್ಕಳ" ಎಂದಳು.

ಇಷ್ಟು ವರ್ಷ ಕೇಳುತ್ತಿದ್ದವನು ಅವನು, ಕೊಡುತ್ತಿದ್ದವಳು ಅವಳು. ಅವನು ಚೀಲದಿಂದ ತೆಗೆದು ಕೊಟ್ಟ. ಮಗಳು ಹೊಸ ಬೀಗದ ಮೂರನೆಯ ಕೀಲಿಕೈಯನ್ನು, ಆಗಷ್ಟೇ ಅವನಿಗೆ ಕೊಟ್ಟದ್ದನ್ನು, ಅವನ ಅಂಗೈಯಿಂದ ಎತ್ತಿಕೊಂಡು ಇಕ್ಕಳದಲ್ಲಿ ಹಿಡಿದಳು. ಅಗ್ಗದ ಲೋಹ, ಮುರಿಯದೆ ಮೊದಲು ಬಾಗಿತು. ಮತ್ತೆ ಇನ್ನೊಂದು ಕಡೆಗೆ ಬಾಗಿಸಿದಳು, ತುಂಡಾಯಿತು. ತುಂಡುಗಳನ್ನು ಅವನ ಅಂಗೈಗೆ ಹಾಕಿದಳು. ಅವನು ಗಿರಾಕಿಗಳಿಗೆ ಹಾಕುವ ಹಾಗೇ ಹಾಕಿದಳು, ಆದರೆ ಅವಳಲ್ಲಿ ಗತ್ತು ಇರಲಿಲ್ಲ. ಅವನು ದಿನಾ ಹೇಳುವ ಆ ಮಾತನ್ನು ಅವಳು ಹೇಳಲಿಲ್ಲ.

ಇಬ್ಬರೂ ಹೊರಬಂದರು. ಅವಳು ಬಾಗಿಲು ಎಳೆದಳು, ನಿಂತಳು, ಕೊರಳಿನ ದಾರ ಮುಟ್ಟಿ ನೋಡಿಕೊಂಡಳು. ಆಮೇಲೆ ಬೀಗ ಒತ್ತಿದಳು.

ಸಲಕರಣೆಯ ಚೀಲವನ್ನು ಅವಳೇ ಎತ್ತಿಕೊಂಡಳು, ಯಾವತ್ತಿನ ಹಾಗೆ. ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನವರೆಗೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಸರಿ ಮಾಡಿದ ಕಾಲರು ಮತ್ತೆ ಸೊಟ್ಟಗಾಗಿತ್ತು, ಈ ಸಲ ಅದನ್ನು ಮುಟ್ಟಲಿಲ್ಲ. ಅವನು ಅದನ್ನು ಗಮನಿಸಿದ, ಮತ್ತು ಅದು ನ್ಯಾಯವೇ ಎಂದುಕೊಂಡ. ಗೇಟಿನ ಹೊರಗೆ ಚೀಲವನ್ನು ಅವನ ಕೈಗೆ ದಾಟಿಸುವಾಗ ಮಾತ್ರ ಅವಳು ಅವನ ಮುಖ ನೋಡಿದಳು.

"ಮುಂದಿನ ಸಲ ಬಂದಾಗ ಬಾಗಿಲು ತಟ್ಟಪ್ಪ," ಎಂದಳು. "ತೆಗೀತೀನಿ."